ದಕ್ಕೆಯಲ್ಲಿ ಒಂದು ತಿಂಗಳು ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ

ಬಹುಶಿಸ್ತೀಯ ಸಂಶೋಧನೆ, ಅಂದರೆ ಬೇರೆ ಬೇರೆ ವಿಷಯದವರು ಸೇರಿ ಮಾಡುವ ಸಂಶೋಧನೆ, ಅಂತ ಈಗ ಎಲ್ಲ ಕಡೆ ಮಾತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಇದೆ, ಸೆಮಿನಾರ್ ಬ್ಯಾನರ್‌ಗಳಲ್ಲೂ ಇದೆ. ಆಗುವುದೇನು ಅಂದರೆ, ವಿಜ್ಞಾನದ ಹುಡುಗರಿಗೆ ಸಮಾಜಶಾಸ್ತ್ರದ ಮೇಷ್ಟ್ರೊಬ್ಬರು ಬಂದು ಎರಡು ಗಂಟೆ ಪಾಠ ಮಾಡುತ್ತಾರೆ, ಚಾ ಆಗುತ್ತದೆ, ಸರ್ಟಿಫಿಕೇಟ್ ಸಿಗುತ್ತದೆ. ಮುಗೀತು.

ನನ್ನನ್ನು ಕೇಳಿದರೆ, ಮೀನಿನ ಬಗ್ಗೆ ಓದುವವರನ್ನೂ ಮೀನುಗಾರರ ಬಗ್ಗೆ ಓದುವವರನ್ನೂ ಒಂದೇ ಪ್ರಶ್ನೆ ಕೊಟ್ಟು ಬೆಳಗಿನ ಜಾವ ಬೋಟುಗಳು ಮೀನು ಇಳಿಸುವ ದಕ್ಕೆಗೆ, ಮಂಗಳೂರಿಗೋ ಮಲ್ಪೆಗೋ, ಕಳಿಸಬೇಕು. ಒಂದು ತಿಂಗಳಾದರೂ.

ಪ್ರಶ್ನೆ ಇದು: ಇಷ್ಟೊಂದು ಮರಿಮೀನು ಯಾಕೆ ಬರುತ್ತಿದೆ? ಕಡಲಲ್ಲಿ ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟಿನಿಂದ ಇಳಿಯುವ ರಾಶಿ ನೋಡಿ. ಬೆರಳುದ್ದದ ಮದ್ಮಲ್ ಮೀನು, ಪುಟ್ಟ ಏಡಿ, ಹೆಸರೇ ಗೊತ್ತಿಲ್ಲದ ಇನ್ನೇನೇನೋ, ಎಲ್ಲ ಸೇರಿ ಕೆಸರಿನ ಹಾಗೆ. ಜೀವಶಾಸ್ತ್ರದವಳು ಸ್ಕೇಲ್ ಹಿಡಿದು ಉದ್ದ ಅಳೆದು, ಮರಿಗಳನ್ನು ಹಿಡಿಯುವುದು ಜಾಸ್ತಿಯಾಗಿದೆ ಅಂತ ಬರೆದುಕೊಳ್ಳುತ್ತಾಳೆ. ಪಕ್ಕದ ಸಮಾಜಶಾಸ್ತ್ರದವನು ಬೋಟು ನಡೆಸುವ ತಾಂಡೇಲನ ಹತ್ತಿರ ಸುಮ್ನೆ ಮಾತಿಗೆ ಕೂತರೆ ಬೇರೆಯೇ ಕತೆ ಸಿಗುತ್ತದೆ. ಮೊದಲು ಇದನ್ನೆಲ್ಲ ಕಡಲಿಗೇ ಎಸೆದು ಬರುತ್ತಿದ್ದರು. ಈಗ ಮೀನನ್ನು ಒಣಗಿಸಿ ಪುಡಿ ಮಾಡುವ ಫಿಶ್‌ಮೀಲ್ ಫ್ಯಾಕ್ಟರಿಯವರು ದುಡ್ಡು ಕೊಡುತ್ತಾರೆ, ಹಾಗಾಗಿ ದಡಕ್ಕೆ ತರುತ್ತಾರೆ. ಅಂದರೆ ಹಿಡಿಯುವುದು ಜಾಸ್ತಿಯಾಯಿತೋ, ತರುವುದು ಮಾತ್ರ ಜಾಸ್ತಿಯಾಯಿತೋ? ಸ್ಕೇಲ್ ಒಂದರಿಂದ ಇದು ತಿಳಿಯುವುದಿಲ್ಲ.

ಮಾತಾಡಿಸುವವನಿಗೂ ಇದೇ ಕಷ್ಟ. ಬೂತಾಯಿ ಮೀನು ಸಿಗದ ವರ್ಷ ಯಾರನ್ನು ಕೇಳಿದರೂ ಮತ್ಸ್ಯಕ್ಷಾಮ ಅನ್ನುತ್ತಾರೆ, ನಾಡದೋಣಿಯವರು ಮೀನಿನ ಗುಂಪನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸಿನ್ ಬೋಟನ್ನೂ ರಾತ್ರಿ ದೀಪ ಹಾಕಿ ಮೀನು ಸೆಳೆಯುವ ಲೈಟ್ ಫಿಶಿಂಗನ್ನೂ ಬೈಯುತ್ತಾರೆ. ಸಿಟ್ಟಿಗೆ ಕಾರಣವಿದೆ. 1970ರ ದಶಕದಲ್ಲಿ ಪರ್ಸಿನ್ ಬಂದ ಮೇಲೆ, ಊರಿನ ಎಷ್ಟೋ ಮನೆಯವರು ಸೇರಿ ಎಳೆದು ಪಾಲು ಹಂಚಿಕೊಳ್ಳುತ್ತಿದ್ದ ರಂಪಣಿ ಬಲೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಅದು ಇನ್ನೂ ನೆನಪಿನಲ್ಲಿದೆ. ಆದರೆ ಬೂತಾಯಿ ಬದುಕುವುದೇ ಎರಡು-ಮೂರು ವರ್ಷ. ಮಳೆಗಾಲದ ಗಾಳಿಗೆ ಕೆಳಗಿನ ತಣ್ಣನೆ ನೀರು ಮೇಲೆ ಬಂದು ಅದರ ಜೊತೆ ಸತ್ವವೂ ಬಂದರೆ ಪ್ಲಾಂಕ್ಟನ್ ಅನ್ನುವ ತೇಲುವ ಸಣ್ಣ ಜೀವಿಗಳು ಬೆಳೆಯುತ್ತವೆ, ಅವನ್ನು ತಿಂದು ಬೂತಾಯಿ ಬೆಳೆಯುತ್ತದೆ; ಇದು ಏರುಪೇರಾದರೆ ಬೂತಾಯಿ ಸಿಗುವುದರಲ್ಲಿ ಬೇಗ ಗೊತ್ತಾಗುತ್ತದೆ. ಇಷ್ಟು ತಿಳಿಯದೆ ಬರೀ ಸಂದರ್ಶನ ನಂಬಿ ಥೀಸಿಸ್ ಬರೆದರೆ ಅರ್ಧ ಕತೆ ಬಿಟ್ಟುಹೋಗುತ್ತದೆ.

ರಜೆಯ ಲೆಕ್ಕವೂ ಇಬ್ಬರಿಗೆ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನು ಅಳೆಯುವವರು ಆಗ ಡೇಟಾ ಇಲ್ಲ ಅಂತ ಊರಿಗೆ ಹೋಗುತ್ತಾರೆ. ಬಲೆ ರಿಪೇರಿಗೆ ಕೂತ ಜನ ನಿಧಾನವಾಗಿ ಮಾತಾಡಲು ಸಿಗುವುದು ಆಗಲೇ ಅಲ್ವಾ? ಆದರೆ ಅದಕ್ಕೆ ತುಳು ಬರಬೇಕು. ಯಾವ ಕೋರ್ಸ್‌ವರ್ಕ್‌ನಲ್ಲೂ ನಾನಿದನ್ನು ನೋಡಿಲ್ಲ. ಸ್ಟ್ಯಾಟಿಸ್ಟಿಕ್ಸ್ ಸಾಫ್ಟ್‌ವೇರ್ ಮಾತ್ರ ಎಲ್ಲರೂ ಕಲಿಸುತ್ತಾರೆ.

ಹೆದರಿಕೆ ಇನ್ನೊಂದಿದೆ. ಎರಡೂ ಕಡೆ ಕಾಲಿಟ್ಟವರಿಗೆ ಕೆಲಸದ ಜಾಹೀರಾತಿನಲ್ಲಿ ‘ಸಂಬಂಧಪಟ್ಟ ವಿಷಯ’ ಯಾವುದು? ಎಲಿನಾರ್ ಓಸ್ಟ್ರೊಮ್ ರಾಜ್ಯಶಾಸ್ತ್ರ ಓದಿದವರು. ಕಾಡು, ನೀರಾವರಿ, ಮೀನುಗಾರಿಕೆಯನ್ನು ಜನ ತಾವೇ ಹೇಗೆ ಕಾಪಾಡಿಕೊಳ್ಳುತ್ತಾರೆ ಅಂತ ನೋಡಿದರು, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ನಮ್ಮಲ್ಲಾಗಿದ್ದರೆ ಅವರ ಅರ್ಜಿ ಪರಿಶೀಲನೆಯಲ್ಲೇ ಬಿದ್ದುಹೋಗುತ್ತಿತ್ತೋ ಏನೋ.

ಹಾಗಾಗಿ ಎಂಎಸ್ಸಿ, ಎಂಎಯಲ್ಲೇ ಶುರುವಾಗಲಿ, ಪಿಎಚ್‌ಡಿಗೆ ಬರುವಷ್ಟರಲ್ಲಿ ತಲೆ ಗಟ್ಟಿಯಾಗಿರುತ್ತದೆ. ಇಬ್ಬರೂ ಸೇರಿ ಒಂದೇ ವರದಿ ಬರೆಯಲಿ. ವೈವಾದಲ್ಲಿ ಜೀವಶಾಸ್ತ್ರದವಳಿಗೆ ಬೋಟಿನ ಪಾಲು ಯಾರಿಗೆ ಎಷ್ಟು ಅಂತ ಕೇಳಿ, ಸಮಾಜಶಾಸ್ತ್ರದವನ ಕೈಗೆ ಒಂದು ಬಂಗುಡೆ ಕೊಟ್ಟು, ಇದು ಮೊಟ್ಟೆಗೆ ಬಂದಿದೆಯೋ ಇಲ್ಲವೋ ಕೊಯ್ದು ತೋರಿಸು ಅನ್ನಿ. ಇದಕ್ಕೆ ಮಾರ್ಕ್ ಇಡಬೇಕು ಮತ್ತೆ, ಮಾರ್ಕ್ ಇಲ್ಲದಿದ್ದರೆ ಯಾರೂ ದಕ್ಕೆ ಕಡೆ ತಲೆ ಹಾಕುವುದಿಲ್ಲ.