ಎಲ್ಲಾ ಒಂದೇ ಥರ ಇದೆಯಲ್ಲ, ಇಷ್ಟೊಂದು ಯಾಕೆ?

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಯಾರೇ ಕೇಳಿದರೂ ಇದನ್ನೇ ಕಳಿಸುತ್ತೇನೆ. ಓದಿಕೊಳ್ಳಿ.

ನನ್ನ ಗಾಜಿನ ಬೀರುವಿನಲ್ಲಿ ಯುದ್ಧವಿಮಾನಗಳಿವೆ. ಮಡಚಿ ತಿರುಗಿಸಿದರೆ ರೋಬೋಟ್ ಆಗುವ ಆಟಿಕೆ ವಿಮಾನಗಳು. ಹೆಸರು ವಿಎಫ್-1 ವಾಲ್ಕಿರಿ. 1982ರ ಅಕ್ಟೋಬರ್‌ನಲ್ಲಿ ಜಪಾನಿನ ಟಿವಿಯಲ್ಲಿ ಶುರುವಾದ ‘ಮ್ಯಾಕ್ರಾಸ್’ ಕಾರ್ಟೂನ್ ಧಾರಾವಾಹಿಯಲ್ಲಿ ಬರುವ ವಿಮಾನ ಇದು. ಅದೇ ವಿಮಾನ ನನ್ನ ಹತ್ತಿರ 1/100 ಅಳತೆಯಲ್ಲಿದೆ (ಅಂದರೆ ನೂರನೇ ಒಂದು ಭಾಗದ ಗಾತ್ರ), 1/72ರಲ್ಲಿದೆ, 1/60, 1/55, 1/48ರಲ್ಲೂ ಇದೆ. ಮನೆಗೆ ಬಂದವರು ಬೀರುವಿನ ಮುಂದೆ ನಿಲ್ಲುತ್ತಾರೆ. ಸ್ವಲ್ಪ ಹೊತ್ತು ಏನೂ ಮಾತಾಡುವುದಿಲ್ಲ. ಆಮೇಲೆ ಕೇಳಿಯೇ ಬಿಡುತ್ತಾರೆ: “ಎಲ್ಲಾ ಒಂದೇ ಥರ ಇದೆಯಲ್ಲ, ಇಷ್ಟೊಂದು ಯಾಕೆ?”

ಕೇಳಲಿ, ಅದಕ್ಕೆ ಬೇಜಾರಿಲ್ಲ. ಆದರೆ ಇದೇ ಜನ ಸ್ಟಾಂಪ್ ಕೂಡಿಟ್ಟವರನ್ನು ಕಂಡರೆ “ಒಳ್ಳೆ ಹವ್ಯಾಸ” ಅನ್ನುತ್ತಾರೆ. ಗೋಡೆ ತುಂಬಾ ಹಳೇ ಗಡಿಯಾರ ತೂಗುಹಾಕಿದವರ ಮನೆಗೆ ಹೋಗಿ ಯಾರೂ “ಎಲ್ಲಾ ಒಂದೇ ಟೈಮ್ ತೋರಿಸುತ್ತಲ್ಲ” ಅನ್ನುವುದಿಲ್ಲ. ನನ್ನ ಬೀರು ಕಂಡಾಗ ಮಾತ್ರ ಎಲ್ಲರಿಗೂ ಮಿತವ್ಯಯ ನೆನಪಾಗುತ್ತದೆ.

“ಮಕ್ಕಳಿಗಾ?” ಎಂದು ಕೇಳುವವರು ಇನ್ನೊಂದು ಗುಂಪು. ಅಲ್ಲ, ನನಗೆ. ಮಕ್ಕಳ ಕೈಗೆ ಕೊಡುವುದೂ ಇಲ್ಲ. ಮುಂದಿನವರು ಬನ್ನಿ.

“ಓ, ಟ್ರಾನ್ಸ್‌ಫಾರ್ಮರ್ಸ್!” ಅನ್ನುವವರ ಮುಂದೆ ಮಾತ್ರ ನಾನು ಸ್ವಲ್ಪ ತಡವರಿಸುತ್ತೇನೆ. ಟ್ರಾನ್ಸ್‌ಫಾರ್ಮರ್ಸ್ ಅಲ್ಲ ಎಂದು ಖಡಾಖಂಡಿತವಾಗಿ ಹೇಳಬೇಕು ಅನಿಸುತ್ತದೆ, ಆದರೆ ಹೇಳಲು ಆಗುವುದಿಲ್ಲ. ಯಾಕೆಂದರೆ ತಕಾತೊಕು ಟಾಯ್ಸ್ ಎಂಬ ಜಪಾನಿ ಕಂಪನಿ ಮಾಡಿದ್ದ 1/55 ವಾಲ್ಕಿರಿಯನ್ನೇ ಅಮೆರಿಕದ ಹ್ಯಾಸ್ಬ್ರೊ 1985ರಲ್ಲಿ ಜೆಟ್‌ಫೈರ್ ಎಂಬ ಹೆಸರಿನಲ್ಲಿ ಟ್ರಾನ್ಸ್‌ಫಾರ್ಮರ್ಸ್ ಸಾಲಿಗೆ ಸೇರಿಸಿ ಮಾರಿತು. ಅಂಗಡಿಯಲ್ಲಿ ಆಟಿಕೆ ಬಂತು, ಆದರೆ ಅವರ ಟಿವಿ ಕಾರ್ಟೂನಿನಲ್ಲಿ ಆ ರೂಪವನ್ನು ತೋರಿಸಲು ಹಕ್ಕಿನ ತಕರಾರು. ಹಾಗಾಗಿ ಅಲ್ಲಿ ಸ್ಕೈಫೈರ್ ಎಂಬ ಬೇರೆ ಹೆಸರು, ಬೇರೆಯೇ ಮೈಕಟ್ಟು. ಡಬ್ಬಿಯಲ್ಲಿ ಒಬ್ಬ, ಟಿವಿಯಲ್ಲಿ ಇನ್ನೊಬ್ಬ. ಇಷ್ಟನ್ನು ಬಾಗಿಲಲ್ಲಿ ನಿಂತವರಿಗೆ ವಿವರಿಸಿ ಮುಗಿಸುವಷ್ಟರಲ್ಲಿ ಅವರು ಚಪ್ಪಲಿ ಹಾಕಿಕೊಂಡಿರುತ್ತಾರೆ.

ಒಮ್ಮೆ ಅಕ್ಕ, ಭಾವ ಬಂದಿದ್ದರು. ಭಾವನಿಗೆ ಯಾವ ಸಾಮಾನು ಕಂಡರೂ ಕೈಗೆ ತಗೊಂಡೇ ನೋಡಬೇಕು. ನಾನು ಬೇಡ ಅನ್ನುವಷ್ಟರಲ್ಲಿ ಬೀರು ತೆಗೆದು, ಎಲ್ಲವನ್ನೂ ಟೇಬಲ್ ಮೇಲೆ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರು. “ಇದು ಅಪ್ಪ, ಇದು ಅಮ್ಮ, ಇವೆಲ್ಲ ಮಕ್ಕಳು” ಅಂದರು. ಅಕ್ಕ ನಕ್ಕಳು. ನಾನೂ ನಕ್ಕೆ, ಇನ್ನೇನು ಮಾಡೋದು. ಆಮೇಲೆ ಬಂತು ನೋಡಿ ಅಸಲು ಮಾತು: “ಅಲ್ಲ ಕಣೋ, ಇದರಲ್ಲಿ ಒರಿಜಿನಲ್ ಯಾವುದು? ಅದೊಂದು ಇಟ್ಕೋ. ಮಿಕ್ಕಿದ್ದು ಯಾರಿಗಾದ್ರೂ ಕೊಟ್ಬಿಡು.”

ನಾನು ಉತ್ತರ ಹುಡುಕುವಷ್ಟರಲ್ಲಿ 1/60 ಅವರ ಕೈಗೆ ಹೋಗಿತ್ತು. ಹೇಗೆ ಮಡಚೋದು ಅಂತ ಹೇಳಹೋದರೆ, “ನೀನು ಸುಮ್ನಿರು, ನಾನು ನೋಡ್ತೀನಿ.” ಹಿಂಭಾಗದ ಎರಡು ಇಂಜಿನ್‌ಗಳನ್ನು ಕೆಳಗೆ ಎಳೆದರು. ಅವು ಕಾಲುಗಳಾದವು, ಮಂಡಿ ಹಕ್ಕಿಯ ಕಾಲಿನ ಹಾಗೆ ಬಾಗಿತು. ಹೊಟ್ಟೆಯಡಿ ಮಡಚಿಕೊಂಡಿದ್ದ ಕೈ ಎರಡೂ ಆಚೆ ಬಂದವು. ರೆಕ್ಕೆ ಹಾಗೇ ಇದೆ, ಮೂತಿಯೂ ವಿಮಾನದ್ದೇ. ಮುಂದೆ ದಾರಿ ತೋಚಲಿಲ್ಲ. ಹಿಂದಕ್ಕೂ ಹೋಗುತ್ತಿಲ್ಲ. ಭಾವ ಅದನ್ನು ಮೆಲ್ಲಗೆ ಟೇಬಲ್ ಮೇಲಿಟ್ಟರು. ಅದು ಎರಡು ಕಾಲ ಮೇಲೆ ನಿಂತೇ ಬಿಟ್ಟಿತು. “ಕೆಟ್ಟೋಯ್ತು ಅನ್ಸುತ್ತೆ. ನಾನೇನೂ ಮಾಡ್ಲಿಲ್ಲಪ್ಪ” ಎಂದು ಪಕ್ಕದ ಕೋಣೆಗೆ ಹೋಗಿ ಟಿವಿ ಹಾಕಿಕೊಂಡರು.

ಕೆಟ್ಟಿರಲಿಲ್ಲ. ಅದು ಗೆರ್‌ವಾಕ್. ವಾಲ್ಕಿರಿಗೆ ಮೂರು ರೂಪ. ವಿಮಾನವಾಗಿದ್ದಾಗ ಫೈಟರ್, ಪೂರ್ತಿ ಮನುಷ್ಯಾಕಾರ ಬಂದರೆ ಬ್ಯಾಟ್ರಾಯ್ಡ್, ನಡುವೆ ಕೈಕಾಲು ಬಂದ ವಿಮಾನವಾಗಿ ನಿಂತರೆ ಗೆರ್‌ವಾಕ್. ವಾಲ್ಕಿರಿಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಈ ನಡುವಿನ ರೂಪವೇ. ಯುದ್ಧವಿಮಾನಕ್ಕೆ ಕೈಕಾಲು ಯಾಕಪ್ಪಾ ಅಂದರೆ, ಕಥೆಯಲ್ಲಿ ಶತ್ರುಗಳು ಸುಮಾರು 10 ಮೀಟರ್ ಎತ್ತರದ ದೈತ್ಯರು. ಅವರ ಹಡಗಿನೊಳಗೆ ನುಗ್ಗಿ ಕೈ ಕೈ ಮಿಲಾಯಿಸಬೇಕಾದರೆ ವಿಮಾನವೂ ಅವರಷ್ಟೇ ಎತ್ತರಕ್ಕೆ ಎದ್ದು ನಿಲ್ಲಬೇಕು. ಕಾರಣ ಒಪ್ಪುವುದು ಬಿಡುವುದು ನಿಮಗೆ ಬಿಟ್ಟಿದ್ದು. ನಾನಂತೂ ಒಪ್ಪಿದ್ದೇನೆ.

ಇನ್ನು ಆ ‘ಒರಿಜಿನಲ್’ ವಿಷಯ. ಅದು ನನಗೆ ಈಗಲೂ ಕೊರೆಯುತ್ತಿದೆ. ಒರಿಜಿನಲ್ ಇಲ್ಲ ಭಾವ! ಯಾವ ವಿಮಾನ ನಿಲ್ದಾಣದಲ್ಲೂ ಇಲ್ಲ. ಇದ್ದದ್ದು ಚಿತ್ರ ಮಾತ್ರ. ಸ್ಟುಡಿಯೋ ನ್ಯೂ ಎಂಬ ಗುಂಪಿನಲ್ಲಿದ್ದ ಶೋಜಿ ಕವಾಮೊರಿ ಇದನ್ನು ವಿನ್ಯಾಸ ಮಾಡಿದರು. ಧಾರಾವಾಹಿ ಶುರುವಾದಾಗ ಅವರಿಗೆ 22 ವರ್ಷ. ಅಮೆರಿಕದ ಎಫ್-14 ಟಾಮ್‌ಕ್ಯಾಟ್ ವಿಮಾನ ನೋಡಿದ್ದರೆ ನಿಮಗೆ ನೆಂಟಸ್ತಿಕೆ ತಕ್ಷಣ ಗೊತ್ತಾಗುತ್ತದೆ. ಹಿಂದಕ್ಕೆ ಮಡಚುವ ಅದೇ ರೆಕ್ಕೆ, ಅದೇ ಎರಡು ಬಾಲದ ಪಟ್ಟಿ, ದೂರದೂರ ಇಟ್ಟ ಅವೇ ಎರಡು ಇಂಜಿನ್. ರೂಪ ಬದಲಾಗುವ ಯಂತ್ರಗಳನ್ನು ಲೆಗೊ ಇಟ್ಟಿಗೆಗಳಲ್ಲಿ ಕಟ್ಟಿ ನೋಡುವುದಕ್ಕೆ ಕವಾಮೊರಿ ಹೆಸರುವಾಸಿ.

ಹಾಗಾದರೆ ನನ್ನನ್ನು ಕೇಳಬೇಕಿದ್ದ ಪ್ರಶ್ನೆ ಬೇರೆ ಇದೆ. ಇಲ್ಲಿವರೆಗೂ ಒಬ್ಬರೂ ಕೇಳಿಲ್ಲ: “1/48 ಅಂತೀಯಲ್ಲ, ಯಾವುದರ 48ನೇ ಒಂದು ಭಾಗ?”

ಕೇಳಿದ್ದರೆ ಕುರ್ಚಿ ಎಳೆದು ಕೂರಿಸುತ್ತಿದ್ದೆ. ಇಲ್ಲದ ವಿಮಾನಕ್ಕೆ ಒಂದು ಅಳತೆ ಗೊತ್ತು ಮಾಡಿದ್ದಾರೆ. ಫೈಟರ್ ರೂಪದಲ್ಲಿ ಉದ್ದ 14.23 ಮೀಟರ್. ಎಫ್-14 ಸುಮಾರು 19 ಮೀಟರ್, ಅದಕ್ಕಿಂತ ಇದು ಚಿಕ್ಕದು. ಈ 14.23 ಇಟ್ಟುಕೊಂಡೇ ಮುಂದಿನ ಲೆಕ್ಕವೆಲ್ಲ. 1/100ರಲ್ಲಿ 14 ಸೆಂಟಿಮೀಟರ್ ಚಿಲ್ಲರೆ. 1/60ರಲ್ಲಿ 24ಕ್ಕೆ ಸ್ವಲ್ಪ ಕಮ್ಮಿ. 1/48ರಲ್ಲಿ ಹತ್ತಿರ ಹತ್ತಿರ 30. ಕಾಗದದ ಮೇಲೆ 1/60ಕ್ಕೂ 1/48ಕ್ಕೂ ಆರು ಸೆಂಟಿಮೀಟರ್ ವ್ಯತ್ಯಾಸ ಅಷ್ಟೇ. ಕೈಗೆ ತಗೊಂಡರೆ ಬೇರೆ ಕಥೆ. ಉದ್ದ ಕಾಲುಭಾಗ ಜಾಸ್ತಿಯಾದಾಗ ಅಗಲ, ದಪ್ಪ ಕೂಡ ಕಾಲುಭಾಗ ಜಾಸ್ತಿಯಾಗುತ್ತವೆ. ಮೂರನ್ನೂ ಗುಣಿಸಿದರೆ ಒಟ್ಟು ಗಾತ್ರ ಹೆಚ್ಚುಕಡಿಮೆ ಎರಡರಷ್ಟು. ಬೀರುವಿನ ತಟ್ಟೆಗೂ ಅದು ಗೊತ್ತಾಗುತ್ತದೆ.

1/48, 1/72 ಎಂಬ ಅಂಕೆಗಳು ಅಡಿ-ಅಂಗುಲದ ಕಾಲದವು. ಒಂದಡಿಗೆ ಕಾಲು ಅಂಗುಲ ಹಿಡಿದರೆ 1/48. ಆರಡಿಗೆ ಒಂದಂಗುಲ ಹಿಡಿದರೆ 1/72, ಅಂದರೆ ಆರಡಿ ಮನುಷ್ಯ ಒಂದಂಗುಲ ಎತ್ತರ. ವಿಮಾನದ ಮಾದರಿ ಕಟ್ಟುವವರೆಲ್ಲ ಬಹಳ ಹಿಂದಿನಿಂದ ಬಳಸುವ ಅಳತೆಗಳು ಇವು. ಹಾಗಾಗಿ ನನ್ನ 1/72 ವಾಲ್ಕಿರಿಯ ಪಕ್ಕದಲ್ಲಿ ನಿಜವಾದ ಎಫ್-14ರ 1/72 ಮಾದರಿ ಇಟ್ಟರೆ ಎರಡೂ ಒಂದೇ ಲೋಕದವು ಅನಿಸುತ್ತವೆ. 1/55 ಪಾಪ ಯಾರ ಜೊತೆಗೂ ಸೇರುವುದಿಲ್ಲ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಚಿತ್ರ ಬರೆಯುವವರಿಗೆ ಮೋಸ ಮಾಡುವ ಅನುಕೂಲ ಇದೆ. ವಿಮಾನವಾಗಿ ತೋರಿಸುವಾಗ ಸಣಕಲಾಗಿ ಬರೆಯುತ್ತಾರೆ. ರೋಬೋಟ್ ಆದಾಗ ಎದೆ ಅಗಲ, ತೊಡೆ ದಪ್ಪ. ಟಿವಿಯಲ್ಲಿ ಕಣ್ಣು ಮಿಟುಕಿಸುವುದರೊಳಗೆ ರೂಪ ಬದಲಾಗುತ್ತದೆ, ಯಾರೂ ಅಳೆಯುವುದಿಲ್ಲ. ಆಟಿಕೆ ಮಾಡುವವರಿಗೆ ಆ ಅನುಕೂಲ ಇಲ್ಲ. ಇದ್ದ ಪ್ಲಾಸ್ಟಿಕ್ಕೇ ವಿಮಾನವೂ ಆಗಬೇಕು, ಆಳೂ ಆಗಬೇಕು. ಎಲ್ಲದಕ್ಕಿಂತ ದೊಡ್ಡ ತಲೆನೋವು ಕಾಲು. ವಿಮಾನದಲ್ಲಿ ಕಾಲುಗಳು ಗಾಳಿ ಎಳೆಯುವ ಬಾಯಿಯ ಹಿಂದೆ, ಎರಡು ಬದಿಗೆ ಇಂಜಿನ್ ಆಗಿ ಇರುತ್ತವೆ. ಬ್ಯಾಟ್ರಾಯ್ಡ್ ಆದಾಗ ಅವೇ ಕಾಲುಗಳು ಮುಂದೆ ಬಂದು ಮೂತಿಯ ಎರಡು ಪಕ್ಕಕ್ಕೆ ಕಚ್ಚಿಕೊಳ್ಳಬೇಕು, ಯಾಕೆಂದರೆ ವಿಮಾನದ ಮೂತಿಯೇ ಈಗ ಸೊಂಟದ ಕೆಳಗಿನ ಭಾಗ. ಅಷ್ಟು ದೂರ ಕಾಲನ್ನು ಕರೆತರುವುದು ಹೇಗೆ?

ಒಂದೊಂದು ಅಳತೆಯೂ ಇದಕ್ಕೆ ಒಂದೊಂದು ಉತ್ತರ ಕೊಟ್ಟಿದೆ. ತಕಾತೊಕುವಿನ 1/55 ದಪ್ಪನೆಯ ಗಟ್ಟಿ ಆಸಾಮಿ. ಯಾವ ಭಾಗವನ್ನೂ ಕೀಳದೆ ಪೂರ್ತಿ ಮಡಚಬಹುದು. ರೋಬೋಟ್ ಆಗಿ ನಿಂತರೆ ಗತ್ತು ಇದೆ, ವಿಮಾನವಾಗಿ ಮಾತ್ರ ಊಟ ಜಾಸ್ತಿಯಾದ ಹಾಗೆ ಕಾಣುತ್ತದೆ. ಅದನ್ನು ಮಾಡಿದ ಕಂಪನಿ 1984ರಲ್ಲಿ ದಿವಾಳಿಯಾಯಿತು. ಅಚ್ಚುಗಳು ಬಂಡೈ ಎಂಬ ಇನ್ನೊಂದು ಜಪಾನಿ ಆಟಿಕೆ ಕಂಪನಿಯ ಕೈಗೆ ಹೋದವು. 2000ದ ನಂತರ ಯಮಾಟೊ ಎಂಬ ಕಂಪನಿ 1/60ಕ್ಕೆ ಕೈ ಹಾಕಿತು. ಅದರ ಮೊದಲ ಆವೃತ್ತಿಯಲ್ಲಿ ವಿಮಾನದ ಸೊಗಸು ಉಳಿಸಿಕೊಂಡರು, ಆದರೆ ಕಾಲನ್ನು ಕಿತ್ತು ಇನ್ನೊಂದು ಕಡೆ ಸಿಕ್ಕಿಸಬೇಕಿತ್ತು. ನಮ್ಮ ಮಂದಿ ಇದಕ್ಕೆ ‘ಪಾರ್ಟ್ಸ್‌ಫಾರ್ಮಿಂಗ್’ ಅನ್ನುತ್ತಾರೆ, ಸ್ವಲ್ಪ ಮೂಗು ಮುರಿದೇ ಅನ್ನುತ್ತಾರೆ. ಆಮೇಲೆ ಅದೇ ಕಂಪನಿ 1/48 ಮಾಡಿತು. ದೊಡ್ಡ ಮೈ, ಒಳಗೆ ಕೀಲು ಬಚ್ಚಿಡಲು ಜಾಗ. ಏನನ್ನೂ ಕೀಳಬೇಕಾಗಿಲ್ಲ. ಅಲ್ಲಿ ಕಲಿತದ್ದನ್ನು ತಗೊಂಡು ಮತ್ತೆ 1/60ಕ್ಕೆ ಬಂದು ಎರಡನೇ ಆವೃತ್ತಿ ತಂದರು. ಚಿಕ್ಕ ಮೈಯಲ್ಲೇ ಕಾಲು ಕೀಳದೆ ಮುಂದೆ ಬರುವ ಹಾಗೆ ಮಾಡಿದರು. ಭಾವನ ಕೈಗೆ ಸಿಕ್ಕಿದ್ದು ಇಂಥದ್ದೇ. 2013ರಲ್ಲಿ ಯಮಾಟೊ ಮುಚ್ಚಿದ ಮೇಲೆ ಆರ್ಕೇಡಿಯಾ ಎಂಬ ಕಂಪನಿ ಆ ಕೆಲಸ ಮುಂದುವರಿಸಿತು. ಬಂಡೈ ತನ್ನದೇ ಹೊಸ 1/48 ತಂದದ್ದು 2010ರ ದಶಕದ ಕೊನೆಗೆ.

1/100ರ ಕಷ್ಟ ಇನ್ನೊಂದು ಥರ. ವಿಮಾನವನ್ನು ಎಷ್ಟು ಬೇಕಾದರೂ ಕುಗ್ಗಿಸಬಹುದು, ಪ್ಲಾಸ್ಟಿಕ್ಕಿನ ದಪ್ಪವನ್ನು ಹಾಗೆ ಕುಗ್ಗಿಸಲು ಬರುವುದಿಲ್ಲ. ಒಂದು ಮಿತಿ ದಾಟಿದರೆ ಗೋಡೆ ಪುಡಿಯಾಗುತ್ತದೆ, ಕೀಲು ನಿಲ್ಲುವುದಿಲ್ಲ. ಆದ್ದರಿಂದ ಅಷ್ಟು ಚಿಕ್ಕದರಲ್ಲಿ ಎಲ್ಲೋ ಒಂದು ಕಡೆ ಬಿಟ್ಟುಕೊಡಲೇಬೇಕು. ಅದನ್ನು ಎಲ್ಲಿ ಬಿಟ್ಟುಕೊಟ್ಟಿದ್ದಾರೆ ಎಂದು ಹುಡುಕುವುದೇ ನನಗೆ ಮಜಾ. ಭೂತಗನ್ನಡಿ ಇಟ್ಟುಕೊಂಡು ನೋಡುತ್ತೇನೆ, ನಗುವವರು ನಗಲಿ.

ಇದೆಲ್ಲ ಆದಮೇಲೂ “ಎಲ್ಲಾ ಒಂದೇ” ಅನ್ನುತ್ತೀರಾ? ಹೊರಗಿಂದ ಒಂದೇ, ಒಪ್ಪಿದೆ. ಕಾಲು ಹೇಗೆ ಬಂತು ಎಂದು ನೋಡಿದರೆ ಎರಡು ಕೂಡ ಒಂದೇ ಥರ ಇಲ್ಲ. ಇದು ನನ್ನ ಉತ್ತರ. ಇಷ್ಟು ಹೇಳಲು ಇಷ್ಟುದ್ದ ಬೇಕಾಯಿತು, ಅದಕ್ಕೇ ಬಾಯಲ್ಲಿ ಹೇಳುವುದು ಬಿಟ್ಟಿದ್ದು.

ಸಾವಿರ ಸಲ ಕೇಳಿದ ಚಿಲ್ಲರೆ ಪ್ರಶ್ನೆಗಳನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಎಷ್ಟು ಕೊಟ್ಟೆ? ಹೇಳಲ್ಲ. ಡಬ್ಬಿ ಮೇಲೆ ಬರೀ ಜಪಾನಿ ಅಕ್ಷರ ಯಾಕೆ? ಹಕ್ಕುಗಳ ಜಗಳದಿಂದ ಎಷ್ಟೋ ವರ್ಷ ಮ್ಯಾಕ್ರಾಸ್ ಸಾಮಾನು ಜಪಾನಿನ ಹೊರಗೆ ಸಲೀಸಾಗಿ ಬರುತ್ತಿರಲಿಲ್ಲ. ಜಗಳವಾಡುತ್ತಿದ್ದ ಎರಡು ಕಂಪನಿಗಳಿಗೆ, ಜಪಾನಿನ ಬಿಗ್ ವೆಸ್ಟ್‌ಗೂ ಅಮೆರಿಕದ ಹಾರ್ಮನಿ ಗೋಲ್ಡ್‌ಗೂ, 2021ರಲ್ಲಿ ರಾಜಿಯಾಯಿತು. ಬಿಸಿಲಿಗೆ ಯಾಕೆ ಇಡಲ್ಲ? ಬಿಳಿ ಎಬಿಎಸ್ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಯಾಗುತ್ತದೆ, ಆಮೇಲೆ ಎಷ್ಟು ತಿಕ್ಕಿದರೂ ಹೋಗಲ್ಲ. ಮುರಿಯುತ್ತಾ? ಮುರಿಯುತ್ತೆ. ನನ್ನ ಒಂದರ ಭುಜದ ಕೀಲು ಬೀರುವಿನಲ್ಲಿ ನಿಂತಲ್ಲೇ ಸೀಳಿತು. ಯಾರೂ ಮುಟ್ಟಿರಲಿಲ್ಲ. ಯಾವ ಕಂಪನಿಯದು ಎಂದು ಹೇಳುವುದಿಲ್ಲ, ಆದರೆ ಹೊಸದು ಕೊಂಡವರು ಮೊದಲು ಭುಜ ನೋಡಿಕೊಳ್ಳಿ. ಕೂದಲೆಳೆಯಂಥ ಬಿಳಿ ಗೆರೆ ಕಂಡರೆ ತಿರುಗಿಸಲು ಹೋಗಬೇಡಿ.

ಒಂದೇ ಒಂದು ತಗೊಳ್ಳೋದಾದರೆ ಯಾವುದು? ಈ ಪ್ರಶ್ನೆ ಕೇಳುವವರು ನನಗೆ ಇಷ್ಟ. 1/60 ತಗೊಳ್ಳಿ. ಒಂದು ಕೈಯಲ್ಲಿ ಹಿಡಿಯಬಹುದು, ಎಲ್ಲ ರೂಪಕ್ಕೂ ಬರುತ್ತದೆ, ಬೀರುವೂ ತುಂಬುವುದಿಲ್ಲ. ಬಣ್ಣ ಮಾತ್ರ ನೋಡಿ ತಗೊಳ್ಳಿ. ಎಲ್ಲರೂ ನಾಯಕನ ಕೆಂಪು ಪಟ್ಟಿಯ ವಿಎಫ್-1ಜೆ, ಇಲ್ಲ ಹಳದಿ-ಕಪ್ಪು ಪಟ್ಟಿಯ ವಿಎಫ್-1ಎಸ್ ಹಿಂದೆ ಬೀಳುತ್ತಾರೆ. ತಲೆಯ ಮೇಲಿನ ಲೇಸರ್ ಕೊಳವೆ ಎಣಿಸಿದರೆ ಯಾವ ಬಗೆ ಎಂದು ಗೊತ್ತಾಗುತ್ತದೆ: ವಿಎಫ್-1ಎಗೆ ಒಂದು, ಜೆಗೆ ಎರಡು, ಎಸ್‌ಗೆ ನಾಲ್ಕು. ನನಗೆ ಇಷ್ಟವಾದದ್ದು ಕಂದುಬಣ್ಣದ ಸಾದಾ ವಿಎಫ್-1ಎ. ಧಾರಾವಾಹಿಯಲ್ಲಿ ಗುಂಪುಗುಂಪಾಗಿ ಬಂದು ಹೆಸರೇ ಇಲ್ಲದೆ ಸಿಡಿದು ಹೋಗುವ ಸಿಪಾಯಿಗಳ ವಿಮಾನ ಅದು.

ಆ ಕಂದುಬಣ್ಣದ್ದು ನನ್ನ ಹತ್ತಿರ ಒಂದೇ ಅಳತೆಯಲ್ಲಿ ಎರಡಿವೆ. “ಅಳತೆಯೂ ಒಂದೇ, ಬಣ್ಣವೂ ಒಂದೇ, ಇದಕ್ಕೇನು ಹೇಳ್ತೀಯ?” ಎಂದು ಕೇಳಿದವರಿದ್ದಾರೆ. ಒಂದನ್ನು ವಿಮಾನವಾಗಿ ನಿಲ್ಲಿಸಲು, ಇನ್ನೊಂದನ್ನು ಬ್ಯಾಟ್ರಾಯ್ಡ್ ಆಗಿ ನಿಲ್ಲಿಸಲು. ಹಾಗಾದರೆ ಗೆರ್‌ವಾಕ್‌ಗೆ ಮೂರನೆಯದೊಂದು ಬೇಕಲ್ಲ ಅನ್ನುತ್ತೀರಾ? ಹೌದು, ಆರ್ಡರ್ ಮಾಡಿದ್ದೇನೆ.