ಬಡಗಿಯ ಹಾಡು: ಆರು ವಾರ ಆಯ್ತು

ಜನವರಿಗೆ ನಮ್ಮ ಮದುವೆಯಾಗಿ 20 ವರ್ಷ. ಅವತ್ತು ಮನೆಮಂದಿ ಮುಂದೆ ನಾನೂ ನಮ್ಮ ಯಜಮಾನರೂ ಒಂದು ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಶೈಲಿಯ ಸಂಗೀತ) ಡ್ಯುಯೆಟ್ ಹಾಡಲೇಬೇಕು ಅಂತ ಪಟ್ಟು ಹಿಡಿದಿದ್ದೇವೆ. ಗಿಟಾರ್ ಅವರದು. ನನ್ನ ಕಡೆಯಿಂದ ಚಿಕ್ಕಂದಿನಲ್ಲಿ ಆರು ವರ್ಷ ಕಲಿತ ಕರ್ನಾಟಕ ಸಂಗೀತ.

ಮೊದಲ ವಾರ ಹಾಡು ಹುಡುಕುವುದರಲ್ಲೇ ಹೋಯಿತು. ಗಂಡ ಹೆಂಡತಿಯಾಗಿದ್ದ ಗಾಯಕರು ಜಾರ್ಜ್ ಜೋನ್ಸ್, ಟ್ಯಾಮಿ ವೈನೆಟ್ ಹಾಡಿದ ‘ಗೋಲ್ಡನ್ ರಿಂಗ್’ ನನಗೆ ತುಂಬಾ ಇಷ್ಟ. ಆದರೆ ಅದು ಬಂದಿದ್ದು 1976ರಲ್ಲಿ. ಅವರಿಬ್ಬರು ಬೇರೆಯಾಗಿದ್ದು 1975ರಲ್ಲೇ. ಹಾಡಿನ ಉಂಗುರವೂ ಗಿರವಿ ಅಂಗಡಿಯಿಂದ ಹೊರಟು ಮತ್ತೆ ಅಲ್ಲಿಗೇ ಬಂದು ಸೇರುತ್ತದೆ. ‘ಆ ದಿನ ಇದು ಬೇಡ ಕಣೇ’ ಅಂದರು ಇವರು. ಇನ್ನೊಂದು ಕಂಟ್ರಿ ಗಾಯಕ ಜೋಡಿ ಜಾನಿ ಕ್ಯಾಶ್, ಜೂನ್ ಕಾರ್ಟರ್ ಅವರ ‘ಜಾಕ್ಸನ್’ ಎಲ್ಲರಿಗೂ ಗೊತ್ತಿರುವುದೇ. 1967ರಲ್ಲಿ ಅದು ಬಂದಾಗ ಅವರಿಗಿನ್ನೂ ಮದುವೆ ಆಗಿರಲಿಲ್ಲ. 1968ರ ಫೆಬ್ರವರಿಯಲ್ಲಿ ಕೆನಡಾದ ಲಂಡನ್ ಎಂಬ ಊರಲ್ಲಿ, ಕಾರ್ಯಕ್ರಮದ ನಡುವೆ ಸ್ಟೇಜ್ ಮೇಲೆಯೇ ಜಾನಿ ‘ನನ್ನ ಮದುವೆ ಆಗ್ತೀಯಾ’ ಅಂತ ಕೇಳಿದರು. ಮಾರ್ಚ್ 1ಕ್ಕೆ ಮದುವೆ.

ಕೊನೆಗೆ ಆರಿಸಿಕೊಂಡಿದ್ದು, ಮದುವೆಯಾದ ಮೇಲೆ ಅವರು ಹಾಡಿದ ‘ಇಫ್ ಐ ವರ್ ಎ ಕಾರ್ಪೆಂಟರ್’. ಬರೆದವರು ಟಿಮ್ ಹಾರ್ಡಿನ್. ಅವರು ಹಾಡಿದಾಗ ‘ನಾನು ಬಡಗಿಯಾಗಿದ್ದರೂ ನನ್ನ ಮದುವೆ ಆಗ್ತೀಯಾ’ ಅಂತ ಗಂಡು ಒಬ್ಬನೇ ಕೇಳುತ್ತಾ ಹೋಗುತ್ತಾನೆ, ಉತ್ತರ ನಮಗೆ ಕೇಳಿಸುವುದಿಲ್ಲ. ಕ್ಯಾಶ್ ದಂಪತಿ ಹಾಡಿದಾಗ ಜೂನ್ ಉತ್ತರ ಕೊಡುತ್ತಾರೆ. ನಿನ್ನನ್ನೇ ಮದುವೆ ಆಗ್ತೀನಿ, ನಿನ್ನ ಮಗುವನ್ನೂ ಹೆರ್ತೀನಿ ಅನ್ನುತ್ತಾರೆ. 1970ರಲ್ಲಿ ಅದು ಕಂಟ್ರಿ ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು, ಮುಂದೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಅದೇ ವರ್ಷ ಮಾರ್ಚ್ 3ಕ್ಕೆ ಅವರಿಗೆ ಮಗ ಹುಟ್ಟಿದ. ಇದು ಗೊತ್ತಾದ ಮೇಲೆ ಆ ಸಾಲು ಬಂದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ.

ಎರಡು, ಮೂರನೇ ವಾರ ಗಿಟಾರ್‌ಗೆ. ಡಿ, ಸಿ, ಜಿ ಕಾರ್ಡ್‌ಗಳು (ಒಟ್ಟಿಗೆ ಮೀಟುವ ಸ್ವರಗುಚ್ಛಗಳು) ಇವರ ಕೈಗೆ ಬೇಗ ಕೂತವು. ತಾಳ ಮಾತ್ರ ಬೋಳು ಬೋಳು ಅನಿಸುತ್ತಿತ್ತು. ಶುರುವಿನ ದಿನಗಳಲ್ಲಿ ಜಾನಿ ಕ್ಯಾಶ್ ತಂಡದಲ್ಲಿ ಡ್ರಮ್ಸ್ ಇರಲಿಲ್ಲ. 1956ರ ‘ಐ ವಾಕ್ ದ ಲೈನ್’ನಲ್ಲಿ ಅವರು ಗಿಟಾರ್ ತಂತಿಗಳ ನಡುವೆ ಕಾಗದ ಸಿಕ್ಕಿಸಿ ಡ್ರಮ್ಸ್‌ನಂಥ ಸದ್ದು ತೆಗೆದರು. ನಾವೂ ಮಾಡಿ ನೋಡಿದೆವು. ಪೇಪರ್ ಚೂರು ಮೆತ್ತಗಾಯಿತು. ವಿಸಿಟಿಂಗ್ ಕಾರ್ಡ್ ದಪ್ಪ, ತಂತಿಯ ದನಿಯನ್ನೇ ನುಂಗಿತು. ಹತ್ತು ರೂಪಾಯಿ ನೋಟನ್ನು ಉದ್ದಕ್ಕೆ ಮಡಿಸಿ, ಒಂದು ತಂತಿಯ ಮೇಲೆ, ಇನ್ನೊಂದರ ಕೆಳಗೆ ಹೆಣೆದು ಬ್ರಿಡ್ಜ್ (ಗಿಟಾರ್ ಒಡಲಿನ ಮೇಲೆ ತಂತಿಗಳು ಕೂರುವ ಪಟ್ಟಿ) ಹತ್ತಿರ ಇಟ್ಟಾಗ ಸರಿಯಾಗಿ ಬಂತು. ಚಕ್, ಚಕ್, ಚಕ್. ಸಣ್ಣ ಮಳೆ ತಗಡಿನ ಮೇಲೆ ಬಿದ್ದಂಗೆ. ಇಬ್ಬರೂ ಅರ್ಧ ಗಂಟೆ ಸುಮ್ನೆ ಅದನ್ನೇ ಕೇಳುತ್ತಾ ಕೂತಿದ್ದೆವು.

ಆಮೇಲಿನದೆಲ್ಲ ನನ್ನ ಕಷ್ಟ. ಸಾಲಿನ ಕೊನೆಯ ಸ್ವರ ಬಂದರೆ ಸಾಕು, ಗಂಟಲು ತಾನಾಗೇ ಗಮಕ ಹಾಕಿಬಿಡುತ್ತದೆ. ಶ್ರುತಿ ಸೇರಿದೆ, ತಾಳ ಸರಿಯಿದೆ, ಆದರೂ ಕೇಳಿದವರಿಗೆ ಹೆಂಡತಿ ಗಂಡನಿಗೆ ಉತ್ತರ ಕೊಟ್ಟಂಗೆ ಇಲ್ಲ. ಜೂನ್ ದನಿ ತುಂಬಾ ನಯವಾದದ್ದಲ್ಲ. ಸ್ವಲ್ಪ ಒರಟು, ನೇರ. ಕೇಳಿದ ಪ್ರಶ್ನೆಗೆ ಯೋಚನೆಯೇ ಮಾಡದೆ ಹೇಳಿಬಿಡುತ್ತಾರೆ. ಆ ವೇಗ ನನಗೆ ಎರಡು ವಾರ ಸಿಗಲೇ ಇಲ್ಲ.

ಕಳೆದ ಭಾನುವಾರ ಬೆಳಿಗ್ಗೆ ಇವರು ಅಡುಗೆಮನೆಯಿಂದ ‘ಚಟ್ನಿಗೆ ಉಪ್ಪು ಹಾಕಿದ್ಯೇನೇ?’ ಅಂದರು. ಬಟ್ಟೆ ಮಡಿಸುತ್ತಿದ್ದವಳು ತಲೆ ಎತ್ತದೆ ‘ಹಾಕಿದೀನಿ ರೀ’ ಅಂದೆ. ಅಂದ ತಕ್ಷಣ ಗೊತ್ತಾಯಿತು, ಬೇಕಾಗಿದ್ದಿದ್ದು ಈ ದನಿ! ತಿಂಡಿ ಆಮೇಲೆ ಅಂತ ಗಿಟಾರ್ ತೆಗೆಸಿದೆ. ಅಲ್ಲಿವರೆಗೆ ಅಕ್ಕಪಕ್ಕ ಕೂತು ಸಾಹಿತ್ಯದ ಹಾಳೆ ನೋಡಿಕೊಂಡು ಹಾಡುತ್ತಿದ್ದೆವು. ಅವತ್ತು ಎದುರುಬದುರು ಕೂತೆವು. ಇವರು ಕೇಳಿ ಮುಗಿಸುವ ಮೊದಲೇ ನನ್ನ ಉಸಿರು ತಯಾರಾಗಿತ್ತು. ಮಗುವಿನ ಸಾಲಿಗೆ ಇವರು ನನ್ನ ಮುಖ ನೋಡಿ ನಕ್ಕರು, ಡಿ ತಪ್ಪಿತು. ನಿಲ್ಲಿಸಲಿಲ್ಲ.

ಆ ರೆಕಾರ್ಡಿಂಗ್ ಫೋನಿನಲ್ಲಿ ಇಟ್ಟುಕೊಂಡಿದ್ದೇನೆ. ಇಬ್ಬರೂ ಒಟ್ಟಿಗೆ ಹಾಡುವ ಜಾಗದಲ್ಲಿ ಇವರ ಕೆಳಗಿನ ಸ್ವರ ಇನ್ನೂ ಬರೀ ಗಾಳಿಯಾಗುತ್ತಿದೆ, ನನಗೂ ಅಲ್ಲಿ ತೀರಾ ಕೆಳಗಾಗುತ್ತದೆ. ನಾಳೆ ಗಿಟಾರ್ ಕತ್ತಿನ ಎರಡನೇ ಫ್ರೆಟ್‌ಗೆ (ಅಡ್ಡಪಟ್ಟಿಗೆ) ಕ್ಯಾಪೋ, ಅಂದರೆ ತಂತಿಗಳನ್ನು ಒತ್ತಿಹಿಡಿದು ಶ್ರುತಿ ಏರಿಸುವ ಕ್ಲಿಪ್, ಹಾಕಿ ನೋಡುತ್ತೇವೆ.