ಪುಸ್ತಕ ಮುಚ್ಚಿಟ್ಟು ಓದುವುದು

ಮದ್ದೂರು, ಮಂಡ್ಯ, ಪಾಂಡವಪುರದ ಕಡೆಯಿಂದ ದಿನಾ ಮೈಸೂರಿನ ಕಾಲೇಜಿಗೆ ಬಂದು ಹೋಗುವ ಮಕ್ಕಳ ದಿನಚರಿ ನೋಡಿದರೆ, ‘ದಿನಕ್ಕೆ ಆರು ಗಂಟೆ ಓದು’ ಎಂದು ಬುದ್ಧಿ ಹೇಳುವವರಿಗೆ ಬಸ್ಸಿನ ಪರಿಚಯವೇ ಇಲ್ಲವೇನೋ ಅನ್ನಿಸುತ್ತದೆ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಹಳ್ಳಿಯಿಂದ ಮಂಡ್ಯ ಸ್ಟ್ಯಾಂಡು, ಅಲ್ಲಿ ಕಾಯುವುದು, ಸಬರ್ಬನ್ ಸ್ಟ್ಯಾಂಡಿನಲ್ಲಿ ಇಳಿದು ಮತ್ತೆ ಸಿಟಿ ಬಸ್ಸು. ಹೋಗಿ ಬರುವುದರಲ್ಲೇ ನಾಲ್ಕು ಗಂಟೆ ಕಳೆಯುತ್ತದೆ. ಬೆಳಿಗ್ಗೆ ಡೈರಿಗೆ ಹಾಲು ಹಾಕುವ ಕೆಲಸವೂ ಇದ್ದರೆ ಕೇಳುವುದೇ ಬೇಡ. ಕೊನೆಗೆ ಕೈಯಲ್ಲಿ ಉಳಿಯುವುದು ರಾತ್ರಿ ಎರಡು ಗಂಟೆ, ಬೆಳಿಗ್ಗೆ ಮುಕ್ಕಾಲು ಗಂಟೆ. ಅದನ್ನು ಸರಿಯಾಗಿ ಬಳಸಿದರೆ ಸಾಕು. ಆದರೆ ಆ ಹೊತ್ತಿನಲ್ಲಿ ಪುಸ್ತಕ ತೆರೆದಿರುವುದಕ್ಕಿಂತ ಮುಚ್ಚಿರುವ ಸಮಯವೇ ಹೆಚ್ಚಿರಬೇಕು.

ನಮ್ಮಲ್ಲಿ ಬಹುತೇಕರು ರಿವಿಷನ್ ಅನ್ನುವುದು ಅದೇ ಪಾಠವನ್ನು ಮೂರನೇ ಸಲ ಓದುವುದಕ್ಕೆ. ಮೂರನೇ ಸಲಕ್ಕೆ ಸಾಲುಗಳೆಲ್ಲ ಪರಿಚಿತ ಅನ್ನಿಸುತ್ತವೆ, ‘ಬಂತು’ ಅಂದುಕೊಂಡು ಮುಂದೆ ಹೋಗುತ್ತೇವೆ. ದಿನಾ ಬಸ್ಸಿನಲ್ಲಿ ನೋಡುವ ಮುಖದ ಹೆಸರು ಕೇಳಿದರೆ ಗೊತ್ತಿರುವುದಿಲ್ಲವಲ್ಲ, ಇದೂ ಅದೇ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಇದನ್ನೇ ಪರೀಕ್ಷಿಸಿದರು. ಕೆಲವರು ಪಾಠವನ್ನು ಮತ್ತೆ ಓದಿದರು, ಕೆಲವರು ಪಾಠ ಮುಚ್ಚಿಟ್ಟು ನೆನಪಾದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಬರೆದವರು ಮುಂದೆ, ಓದಿದವರು ಹಿಂದೆ. ಮತ್ತೆ ಮತ್ತೆ ಓದುವ ಅಭ್ಯಾಸ ನಮ್ಮನ್ನು ಬಿಡದೇ ಇರುವುದಕ್ಕೂ ಆ ಐದು ನಿಮಿಷದ ಗೆಲುವೇ ಕಾರಣ. ಓದಿದ ರಾತ್ರಿ ಎಲ್ಲವೂ ಬರುತ್ತದೆ, ಪರೀಕ್ಷೆ ಮಾತ್ರ ಆ ರಾತ್ರಿ ಇರುವುದಿಲ್ಲ.

ಮಾಡುವ ರೀತಿ ಹೀಗೆ. ಒಂದು ಉಪಶೀರ್ಷಿಕೆ, ಎರಡು ಮೂರು ಪುಟ, ಹದಿನೈದು ನಿಮಿಷ ನಿಧಾನವಾಗಿ ಓದಿ. ಗೆರೆ ಎಳೆಯಬೇಡಿ. ಪುಸ್ತಕ ಮುಚ್ಚಿ, ರಫ್ ಹಾಳೆಯಲ್ಲಿ ನೆನಪಾದಷ್ಟನ್ನು ಬರೆಯಿರಿ, ಹತ್ತು ನಿಮಿಷ. ಆಮೇಲೆ ಪುಸ್ತಕ ತೆಗೆದು, ಬಿಟ್ಟದ್ದನ್ನೂ ತಪ್ಪಾದದ್ದನ್ನೂ ಕೆಂಪು ಪೆನ್ನಿನಲ್ಲಿ ತುಂಬಿ. ಇತಿಹಾಸದಲ್ಲಿ ಮೈಸೂರು ದಿವಾನರ ಪಾಠ ತೆಗೆದುಕೊಳ್ಳಿ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದದ್ದು 1912ರಿಂದ 1918. ಮೈಸೂರು ಬ್ಯಾಂಕ್ 1913, ಕನ್ನಡ ಸಾಹಿತ್ಯ ಪರಿಷತ್ತು 1915, ಮೈಸೂರು ವಿಶ್ವವಿದ್ಯಾನಿಲಯ 1916. ಇಷ್ಟನ್ನು ನೆನಪಿನಿಂದ ಬರೆದವರು ಅದೇ ಜೋಶಿನಲ್ಲಿ ಶಿವನಸಮುದ್ರದ ವಿದ್ಯುತ್ತನ್ನೂ ಅವರ ಲೆಕ್ಕಕ್ಕೇ ಸೇರಿಸಿಬಿಡುತ್ತಾರೆ. ಅದು ಹಿಂದಿನ ದಿವಾನ ಶೇಷಾದ್ರಿ ಅಯ್ಯರ್ ಕಾಲದ ಯೋಜನೆ, ಕೋಲಾರದ ಗಣಿಗೆ ಕರೆಂಟು ಹೋದದ್ದು 1902ರಲ್ಲಿ. ಮಂಡ್ಯದ ಸಕ್ಕರೆ ಕಾರ್ಖಾನೆಯನ್ನೂ ಹಾಗೇ ಸೇರಿಸುತ್ತಾರೆ, ಅದು 1933, ಆಗ ದಿವಾನರು ಮಿರ್ಜಾ ಇಸ್ಮಾಯಿಲ್. ಹತ್ತು ಸಲ ಓದಿದರೂ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಒಂದು ಸಲ ಬರೆದರೆ ಕೆಂಪಾಗಿ ಎದ್ದು ಕಾಣುತ್ತದೆ. ಮುಂದಿನ ಸಲ ಪಾಠ ಪೂರ್ತಿ ಓದಬೇಕಿಲ್ಲ, ಕೆಂಪು ಸಾಲುಗಳನ್ನಷ್ಟೇ ನೋಡಿದರಾಯಿತು.

ಮೊದಲ ವಾರ ಹಾಳೆ ಅರ್ಧ ಖಾಲಿ ಉಳಿಯುತ್ತದೆ, ಬೇಜಾರಾಗುತ್ತದೆ. ಬಹಳ ಜನ ಇಲ್ಲೇ ಬಿಟ್ಟುಬಿಡುತ್ತಾರೆ. ತಡಕಾಡುವ ಆ ಕಷ್ಟವೇ ನೆನಪನ್ನು ಗಟ್ಟಿ ಮಾಡುವುದು, ಅದನ್ನು ತಪ್ಪಿಸಿಕೊಂಡರೆ ಉಳಿದದ್ದೆಲ್ಲ ಬರೀ ಕಣ್ಣಾಡಿಸುವುದು.

ಇನ್ನು ಬಸ್ಸು. ಓಡುವ ಬಸ್ಸಿನಲ್ಲಿ ಪುಸ್ತಕ ಹಿಡಿದರೆ ಕಣ್ಣು ‘ಅಲುಗಾಡುತ್ತಿಲ್ಲ’ ಅನ್ನುತ್ತದೆ, ಒಳಗಿವಿ ‘ಅಲುಗಾಡುತ್ತಿದೆ’ ಅನ್ನುತ್ತದೆ, ಆ ಜಗಳಕ್ಕೇ ಹೊಟ್ಟೆ ತೊಳಸುವುದು. ಜೊತೆಗೆ ಸೀಟು ಸಿಗುವ ಭರವಸೆಯೂ ಇಲ್ಲ. ಆದ್ದರಿಂದ ಚೀಟಿ ಒಳ್ಳೆಯದು. ಒಂದು ಎ-ಫೋರ್ ಹಾಳೆಯನ್ನು ಮೂರು ಸಲ ಮಡಿಸಿ ಹರಿದರೆ ಎಂಟು ಚೀಟಿ. ಒಂದು ಕಡೆ ಪ್ರಶ್ನೆ, ಹಿಂದೆ ಉತ್ತರ, ಮೂರು ಸಾಲು ಮೀರಬಾರದು. ಕಂಬಿ ಹಿಡಿದು ನಿಂತಿದ್ದರೂ ಪ್ರಶ್ನೆ ನೋಡಿ ಜೇಬಿಗೆ ಹಾಕಿ, ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಾ ಉತ್ತರ ಹೇಳಿಕೊಳ್ಳಿ, ಆಮೇಲೆ ತಿರುಗಿಸಿ. ಮನೆಯಲ್ಲಿ ಹಳೆಯ ಲಗ್ನಪತ್ರಿಕೆಯ ಕವರುಗಳು ಬೇಕಾದಷ್ಟು ಇರುತ್ತವಲ್ಲ, ಮೂರು ತೆಗೆದಿಡಿ. ಮೊದಲನೆಯದು ದಿನಾ ನೋಡುವುದಕ್ಕೆ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಸರಿ ಹೇಳಿದ ಚೀಟಿ ಮುಂದಿನ ಕವರಿಗೆ ಹೋಗುತ್ತದೆ. ತಪ್ಪಿದ್ದು ಎಲ್ಲಿದ್ದರೂ ಮೊದಲನೆಯದಕ್ಕೆ ವಾಪಸ್. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಹೇಳಿಕೊಟ್ಟ ಡಬ್ಬಿಗಳ ಉಪಾಯ ಇದು, ಲಗ್ನಪತ್ರಿಕೆ ಮಾತ್ರ ನಮ್ಮದು. ಚೀಟಿ ಕೆಡುವುದು ಎರಡು ರೀತಿಯಲ್ಲಿ. ‘ವಿಶ್ವೇಶ್ವರಯ್ಯನವರ ಸಾಧನೆಗಳೇನು?’ ಎಂದು ಇಡೀ ಪಾಠವನ್ನೇ ಒಂದು ಚೀಟಿಗೆ ತುಂಬುವುದು ಒಂದು. ಭಾನುವಾರ ಕೂತು ನೂರು ಚೀಟಿ ಬರೆದು ಸೋಮವಾರದಿಂದ ಮುಟ್ಟದಿರುವುದು ಇನ್ನೊಂದು. ದಿನಕ್ಕೆ ಹತ್ತು ಹೊಸ ಚೀಟಿ ಸಾಕು.

ಲೆಕ್ಕಕ್ಕೆ ಚೀಟಿ ಕೆಲಸ ಮಾಡುವುದಿಲ್ಲ. ಬಿಡಿಸಿದ ಉದಾಹರಣೆಯ ಮೇಲೆ ಹಾಳೆ ಮುಚ್ಚಿ, ಮುಂದಿನ ಹೆಜ್ಜೆಯನ್ನು ನೀವೇ ಬರೆದು, ಆಮೇಲೆ ಒಂದೊಂದೇ ಸಾಲು ಕೆಳಗೆ ಸರಿಸಿ ತಾಳೆ ನೋಡಿ. ತಪ್ಪಿಗೆ ಬೇರೆ ನೋಟ್‌ಬುಕ್ ಇರಲಿ. ಪ್ರತಿ ತಪ್ಪಿನ ಮುಂದೆ ಮೂರರಲ್ಲಿ ಒಂದು ಗುರುತು: ಗೊತ್ತಿರಲಿಲ್ಲ, ಗೊತ್ತಿದ್ದೂ ಕೈತಪ್ಪಿತು, ಪ್ರಶ್ನೆಯನ್ನೇ ಸರಿಯಾಗಿ ಓದಲಿಲ್ಲ. ಸೈನ್‌ನ ಇಂಟಿಗ್ರೇಷನ್‌ನಲ್ಲಿ ಮೈನಸ್ ಬಿಟ್ಟದ್ದು ಎರಡನೆಯ ಜಾತಿ. ಅದಕ್ಕೆ ಮತ್ತೆ ಪಾಠ ಓದಿ ಫಲವಿಲ್ಲ, ಹತ್ತು ಲೆಕ್ಕ ಬಿಡಿಸಬೇಕು.

ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ ಇಂಗ್ಲಿಷಿನಲ್ಲಿ ಪಿಯುಸಿ ಸೈನ್ಸ್ ಸೇರಿದವರ ಕಷ್ಟ ಬೇರೆಯೇ, ಮಂಡ್ಯದ ಹಳ್ಳಿ ಮಕ್ಕಳಲ್ಲಿ ಇವರು ಬಹಳ. ಆಕ್ಸಲರೇಷನ್ ಅಂದಾಗ ಹೊಸ ವಿಷಯ ಅನ್ನಿಸಿ ಗಾಬರಿಯಾಗುತ್ತದೆ. ಅದು ಹೈಸ್ಕೂಲಿನ ವೇಗೋತ್ಕರ್ಷವೇ. ಇನರ್ಷಿಯಾ ಅಂದರೆ ಜಡತ್ವ. ಮೊದಲ ತಿಂಗಳು ಪ್ರತಿ ಪಾಠಕ್ಕೂ ಇಂಥ ಜೋಡಿಗಳನ್ನು ಬರೆದಿಟ್ಟುಕೊಳ್ಳಿ, ಒಂದು ಪಾಠಕ್ಕೆ ಇಪ್ಪತ್ತು ಮೂವತ್ತಕ್ಕಿಂತ ಹೆಚ್ಚಿರುವುದಿಲ್ಲ. ಓದಿದ್ದನ್ನು ಮೊದಲು ಕನ್ನಡದಲ್ಲಿ, ಪಕ್ಕದಲ್ಲಿರುವ ತಂಗಿಗೆ ಹೇಳುವ ಹಾಗೆ, ಬಾಯಿಬಿಟ್ಟು ಹೇಳಿ. ಆಮೇಲೆ ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಅರ್ಥವಾಗದ ಇಂಗ್ಲಿಷ್ ಸಾಲನ್ನು ಉರು ಹೊಡೆದರೆ ನಡುವೆ ಒಂದು ಪದ ಮರೆತರೂ ಉತ್ತರವೆಲ್ಲ ನಿಂತುಹೋಗುತ್ತದೆ. ಮೆಡಿಕಲ್ ಸೀಟಿನ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ, ಅರ್ಜಿ ತುಂಬುವಾಗಲೇ ಭಾಷೆ ಆರಿಸಿಕೊಳ್ಳಬೇಕು ಅನ್ನುವುದನ್ನು ಮರೆಯಬೇಡಿ.

ಬೆಳಗಿನ ಜಾವ ಓದಿದರೆ ತಲೆಗೆ ಹತ್ತುತ್ತದೆ ಅನ್ನುವ ಮಾತು ಅರ್ಧ ನಿಜ. ರಾತ್ರಿ ಒಂಬತ್ತೂವರೆಗೆ ಮಲಗಿದವರಿಗೆ ಐದೂವರೆಯ ಓದು ಚಿನ್ನ. ಹನ್ನೆರಡಕ್ಕೆ ಮಲಗಿ ನಾಲ್ಕಕ್ಕೆ ಎದ್ದವರು ಓದುವುದಿಲ್ಲ, ತೂಕಡಿಸುತ್ತಾರೆ. ಈ ವಯಸ್ಸಿಗೆ ಎಂಟು ಗಂಟೆ ನಿದ್ದೆ ಬೇಕು, ಓದಿದ್ದು ಮಿದುಳಿನಲ್ಲಿ ಕೂರುವುದು ನಿದ್ದೆಯಲ್ಲೇ. ಕಾಫಿಯ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಹಿಡಿಯುತ್ತದೆ, ಹಾಗಾಗಿ ಸಂಜೆ ಐದರ ನಂತರ ಕಾಫಿ, ಟೀ ಬೇಡ. ರಾತ್ರಿ ಮುದ್ದೆ ಉಂಡ ತಕ್ಷಣ ಪುಸ್ತಕ ಹಿಡಿಯುವುದಕ್ಕಿಂತ ಊಟಕ್ಕೆ ಮೊದಲೇ ಕಷ್ಟದ ವಿಷಯ ಮುಗಿಸಿ, ಊಟದ ನಂತರ ಚೀಟಿ ಬರೆಯುವಂಥ ಹಗುರ ಕೆಲಸ ಇಟ್ಟುಕೊಳ್ಳಿ. ಮನೆಯಲ್ಲಿ ಏಳರಿಂದ ಧಾರಾವಾಹಿ ಓಡುತ್ತಿದ್ದರೆ ಜಗಳ ಮಾಡಿ ಪ್ರಯೋಜನವಿಲ್ಲ. ಆ ಹೊತ್ತಿಗೆ ಲೆಕ್ಕ ಇಟ್ಟುಕೊಳ್ಳಿ, ಕೈ ಓಡುತ್ತಿದ್ದರೆ ಕಿವಿ ಅಷ್ಟಾಗಿ ಅತ್ತ ಹೋಗುವುದಿಲ್ಲ. ಮೊಬೈಲು ಮಾತ್ರ ಅಡುಗೆಮನೆಯ ಅಕ್ಕಿ ಡಬ್ಬದ ಮೇಲೆ ಇರಲಿ. ಕೈಗೆಟುಕುವಲ್ಲಿ ಮಗುಚಿ ಇಟ್ಟರೂ ಮನಸ್ಸು ಅಲ್ಲೇ ಇರುತ್ತದೆ. ಕ್ಲಾಸಿನ ಗ್ರೂಪಿಗೆ ಬಂದ ಪಿಡಿಎಫ್‌ಗಳನ್ನೆಲ್ಲ ಡೌನ್‌ಲೋಡ್ ಮಾಡಿಟ್ಟರೆ ಓದಿದ ಹಾಗೆ ಅಲ್ಲ.

ಓದಿಗೆ ಸಂಬಂಧವಿಲ್ಲ ಅನ್ನಿಸಿದರೂ ಓದನ್ನು ಕೆಡಿಸುವುದು ಕಾಗದಪತ್ರಗಳ ಓಡಾಟ. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲಿನ ವಿದ್ಯಾರ್ಥಿವೇತನಕ್ಕೆ ಆಧಾರ್ ಮತ್ತು ಅಂಕಪಟ್ಟಿಯ ಹೆಸರು ಒಂದೇ ಇರಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಕೈಯಲ್ಲಿರಬೇಕು. ಕಾಲೇಜು ಶುರುವಾದ ತಿಂಗಳೇ ಇದನ್ನು ಮುಗಿಸಿದರೆ, ಪರೀಕ್ಷೆ ಹತ್ತಿರ ಬಂದಾಗ ನಾಡಕಚೇರಿಯ ಮುಂದೆ ನಿಲ್ಲುವುದು ತಪ್ಪುತ್ತದೆ.

ಪರೀಕ್ಷೆಗೆ ಆರು ವಾರ ಇರುವಾಗ ಗಡಿಯಾರ ಇಟ್ಟುಕೊಂಡು ಬರೆಯುವುದನ್ನು ಶುರು ಮಾಡಿ. ಪಿಯುಸಿ ಪತ್ರಿಕೆಯಲ್ಲಿ ಒಂದು ಅಂಕಕ್ಕೆ ಎರಡು ನಿಮಿಷ ಎಂದು ಹಿಡಿಯಿರಿ, ಐದು ಅಂಕದ ಉತ್ತರ ಹತ್ತು ನಿಮಿಷ ಮೀರಬಾರದು. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಒಎಂಆರ್ ಹಾಳೆಯಲ್ಲಿ ಒಂದೊಂದು ವೃತ್ತ ತುಂಬಲು 5 ಸೆಕೆಂಡ್ ಅಂದರೂ 5 ನಿಮಿಷ ಅದಕ್ಕೇ ಹೋಗುತ್ತದೆ, ಹಾಗಾಗಿ ಮನೆಯಲ್ಲಿ 75 ನಿಮಿಷಕ್ಕೇ ಅಲಾರಂ ಇಡಿ. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬೇಡಿ. ನೀಟ್‌ನಲ್ಲಿ ಪ್ರತಿ ತಪ್ಪಿಗೂ ಒಂದು ಅಂಕ ಹೋಗುತ್ತದೆ, ಅಲ್ಲಿ ಊಹೆಯ ಆಟ ಬೇಡ. ಎರಡಕ್ಕೂ ಕೂರುವವರು ಈ ಅಭ್ಯಾಸವನ್ನು ಬೇರೆ ಬೇರೆ ದಿನ ಮಾಡಬೇಕು, ಇಲ್ಲದಿದ್ದರೆ ಒಂದರ ಚಾಳಿ ಇನ್ನೊಂದರಲ್ಲಿ ಕೈಕೊಡುತ್ತದೆ.

ಪಿಯುಸಿ ಪರೀಕ್ಷೆಯ ದಿನ ಮಾಮೂಲಿಗಿಂತ ಒಂದು ಬಸ್ಸು ಮೊದಲೇ ಹಿಡಿಯಿರಿ. ಹಾಲ್ ಟಿಕೆಟ್, ಒಂದೇ ಬಣ್ಣದ ಎರಡು ಪೆನ್ನು, ಒಂದು ಬಾಟಲಿ ನೀರು. ಚೀಟಿಗಳ ಕವರು ಮನೆಯಲ್ಲೇ ಇರಲಿ, ಅವು ಜೇಬಿನಲ್ಲಿ ಸಿಕ್ಕರೆ ರೂಮ್ ಸೂಪರ್‌ವೈಸರಿಗೆ ವಿವರಿಸುವುದು ಕಷ್ಟ.